ಮರವಂತೆಯಲ್ಲಿ ಬೆಳಕಿಗೆ ಎರಡು ಪಾಳಿ

ಕುಂದಾಪುರದಿಂದ ಬೈಂದೂರಿನತ್ತ ಹೊರಟು ತ್ರಾಸಿ ದಾಟಿದರೆ ರಾಷ್ಟ್ರೀಯ ಹೆದ್ದಾರಿ 66ರ ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ. ಮರವಂತೆಯ ಈ ತುಂಡು ರಸ್ತೆ ಎಷ್ಟು ಕ್ಯಾಲೆಂಡರ್‌ಗಳಲ್ಲಿ ಬಂದಿದೆಯೋ ಲೆಕ್ಕವಿಲ್ಲ. ಆದರೂ ಉಡುಪಿ ಮುಗಿಸಿ ಮುರುಡೇಶ್ವರಕ್ಕೆ ಓಡುವ ಕಾರುಗಳು ಇಲ್ಲಿ ನಿಲ್ಲುವುದು ಹೆಚ್ಚಾಗಿ ಸುಡು ಮಧ್ಯಾಹ್ನದಲ್ಲಿ. ನೆತ್ತಿ ಮೇಲಿನ ಬಿಸಿಲಿಗೆ ಕಡಲು ಬಿಳಚಿಕೊಂಡಿರುತ್ತದೆ, ಎಲ್ಲರ ಕಣ್ಣಗುಳಿಯಲ್ಲೂ ಕಪ್ಪು ನೆರಳು. ಹತ್ತು ನಿಮಿಷ, ಒಂದಷ್ಟು ಸೆಲ್ಫಿ, ಮತ್ತೆ ಪಯಣ.

ಒಂದು ರಾತ್ರಿ ಉಳಿದವರಿಗೆ ಸಿಗುವ ಮರವಂತೆಯೇ ಬೇರೆ. ಪಶ್ಚಿಮ ಕರಾವಳಿಯಲ್ಲಿ ಸೂರ್ಯ ಹುಟ್ಟುವುದು ಘಟ್ಟದ ಹಿಂದೆ, ಮುಳುಗುವುದು ಕಡಲಿಗೆ. ಹಾಗಾಗಿ ನಮ್ಮ ಹೆಚ್ಚಿನ ಬೀಚುಗಳಲ್ಲಿ ಕ್ಯಾಮೆರಾದವರಿಗೆ ಸಂಜೆಯೊಂದೇ ಗತಿ. ಇಲ್ಲಿ ಹಾಗಲ್ಲ. ಬೆಳಿಗ್ಗೆ ರಸ್ತೆಯ ಪೂರ್ವಕ್ಕೆ ತಿರುಗಿ ನಿಂತರೆ ನದಿ, ತೆಂಗಿನ ಸಾಲು, ಅದರ ಹಿಂದೆ ಕೊಡಚಾದ್ರಿ ಕಡೆಯ ಬೆಟ್ಟಗಳು. ಚಳಿಗಾಲವಾದರೆ ನೀರಿನ ಮೇಲೆ ತೆಳುವಾದ ಮಂಜು. ಸಂಜೆ ಅದೇ ರಸ್ತೆ ದಾಟಿದರೆ ಸಾಕು. ಎರಡು ಪಾಳಿಯ ನಡುವಿನ ಹೊತ್ತಿನಲ್ಲಿ ಚಿತ್ರಕ್ಕೆ ತಕ್ಕ ಬೆಳಕಿಲ್ಲ, ಆದ್ದರಿಂದ ಕೆಲಸವೂ ಇಲ್ಲ. ಉಂಡು ಮಲಗಬಹುದು. ಭೂದೃಶ್ಯ ಛಾಯಾಗ್ರಹಣದಷ್ಟು ವಿರಾಮ ಕೊಡುವ ಹವ್ಯಾಸ ಇನ್ನೊಂದಿರಲಿಕ್ಕಿಲ್ಲ. ಎರಡೇ ದಿನದಲ್ಲಿ ಮಂಗಳೂರಿನಿಂದ ಗೋಕರ್ಣದವರೆಗಿನ ಎಲ್ಲ ಬೀಚನ್ನೂ ಮುಗಿಸಬೇಕೆಂಬ ಹಟ ಇರಬಾರದು, ಅಷ್ಟೇ.

ಕಾಪುವಿನಿಂದ ಮರವಂತೆವರೆಗಿನ 60 ಕಿ.ಮೀ. ಚಿಲ್ಲರೆ ದಾರಿಯೇ ಮೂರು ದಿನಕ್ಕೆ ಧಾರಾಳ. ಅದರ ಟೈಮ್‌ಟೇಬಲ್ ಬರೆಯುವುದು ಮಾತ್ರ ಕಡಲು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಹೆಚ್ಚು. ಖಂಭಾತ್ ಕೊಲ್ಲಿಯಂಥ ದೈತ್ಯ ಉಬ್ಬರ ನಮ್ಮಲ್ಲಿಲ್ಲದಿದ್ದರೂ, ಇಳಿತದ ಹೊತ್ತಿಗೆ ತೆರೆದುಕೊಳ್ಳುವ ಒದ್ದೆ ಮರಳೇ ಚಿತ್ರದ ಅರ್ಧ ಬಂಡವಾಳ. ಆಕಾಶದ ಕೆಂಪೆಲ್ಲ ಅದರಲ್ಲಿ ಇನ್ನೊಮ್ಮೆ ಸಿಗುತ್ತದೆ.

ತೆರೆಯನ್ನು ಹಿಡಿಯುವ ಕ್ರಮವೂ ಇದೆ. ಅಪ್ಪಳಿಸುವ ತೆರೆಗಿಂತ ಹಿಂದೆ ಸರಿಯುವ ತೆರೆ ಚೆಂದ. ಟ್ರೈಪಾಡಿನ ಕಾಲನ್ನು ಮರಳಿಗೆ ಒತ್ತಿ ಊರಿ, ಶಟರನ್ನು ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನೊಳಗೆ ಇಟ್ಟು, ನೀರು ವಾಪಸು ಹೊರಟ ಕ್ಷಣಕ್ಕೆ ಒತ್ತಿದರೆ ನೊರೆ ಬಿಳಿ ನೂಲಿನಂತೆ ಕಡಲಿನತ್ತ ಎಳೆದುಕೊಂಡು ಹೋಗುತ್ತದೆ. 10 ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿದರೆ ಬೆಳಕು ಸಾವಿರದಲ್ಲಿ ಒಂದು ಪಾಲಿಗೆ ಇಳಿದು, 1/30 ಸೆಕೆಂಡಿನ ಚಿತ್ರ ಅರ್ಧ ನಿಮಿಷದ್ದಾಗುತ್ತದೆ. ಕಡಲು ಆಗ ಹೊಗೆಯಾಗಿಬಿಡುತ್ತದೆ. ನೋಡಲು ಸೊಗಸು, ಆದರೆ ಎಲ್ಲ ಚಿತ್ರದಲ್ಲೂ ಅದೇ ಹೊಗೆಯಿದ್ದರೆ ಯಾವ ಊರಿನ ಕಡಲೆಂದು ಯಾರಿಗೂ ಗೊತ್ತಾಗುವುದಿಲ್ಲ.

ಆಕಾಶಕ್ಕೆ ಬೆಳಕು ಹೊಂದಿಸಿದರೆ ನೀರು ಕಪ್ಪು, ನೀರಿಗೆ ಹೊಂದಿಸಿದರೆ ಆಕಾಶ ಬಿಳಿ. ಈ ತಾಪತ್ರಯ ಹಳೆಯದು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿಯೇ ಆಕಾಶಕ್ಕೊಂದು, ಕಡಲಿಗೊಂದು ನೆಗೆಟಿವ್ ತೆಗೆದು ಎರಡನ್ನೂ ಕೂಡಿಸಿ ಒಂದೇ ಚಿತ್ರ ಅಚ್ಚು ಹಾಕಿದ್ದ. ಇಂದು ಮೊಬೈಲಿನ ಎಚ್‌ಡಿಆರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುವುದು ಹೆಚ್ಚುಕಡಿಮೆ ಅದನ್ನೇ.

ಕಾಪುವಿನ ಬಂಡೆಯ ಮೇಲಿನ ದೀಪಸ್ತಂಭ 1901ರದು, ಎತ್ತರ ಸುಮಾರು 27 ಮೀಟರ್. ಬುಡದಲ್ಲಿ ನಿಂತು ಕ್ಯಾಮೆರಾ ಮೇಲೆತ್ತಿದರೆ ಸ್ತಂಭ ಹಿಂದಕ್ಕೆ ವಾಲಿದಂತೆ ಬರುತ್ತದೆ. ಮರಳಿನ ಮೇಲೆ ದೂರ ನಡೆದು, ಕ್ಯಾಮೆರಾ ನೆಟ್ಟಗೆ ಹಿಡಿದರೆ ಅದೂ ನೆಟ್ಟಗಾಗುತ್ತದೆ. ಸಂಜೆ ಮೇಲೆ ಹತ್ತಲು ಬಿಡುವುದುಂಟು. ಮೇಲಿಂದ ತೀರದ ಬಾಗು ಚೆನ್ನಾಗಿ ಕಾಣುತ್ತದೆ.

ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗದೆ ಈ ಪ್ರವಾಸ ಮುಗಿಯದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ, ಬಿರುಕು ಬಿಟ್ಟು, ಐದಾರು ಮುಖದ ಕಂಬಗಳಾಗಿ ನಿಂತಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕಷ್ಟವೆಂದರೆ, ದೋಣಿ ಹಗಲಿಗಷ್ಟೇ. ಆಕಾಶ ಕೆಂಪೇರುವ ಮುಂಚೆಯೇ ವಾಪಸಾಗಬೇಕು. ಬಿಸಿಲು ಓರೆಯಾಗಿದ್ದಾಗಲೇ ಕಂಬದ ಅಂಚು ಎದ್ದು ಕಾಣುವುದರಿಂದ ಮೊದಲ ದೋಣಿ ಹಿಡಿಯುವುದು ಜಾಣತನ. ಒದ್ದೆ ಕಲ್ಲಿನ ಮಿರುಗು ತೆಗೆಯಲು ಪೋಲರೈಸರ್ ಫಿಲ್ಟರ್ ಬೇಕು. ಕಂಬಗಳ ಮೇಲೆ ಪಾಚಿ ಜಾರುತ್ತದೆ, ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ಹಿಂದೆ ಹೆಜ್ಜೆ ಇಡುವವರಿಗೆ ಇದು ಗೊತ್ತಿರಲಿ.

ಮಳೆಗಾಲದಲ್ಲಿ ಈ ದೋಣಿ ಬಂದ್. ಜೂನ್, ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿದ್ದು, ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ಲಂಗರು ಹಾಕಿರುತ್ತವೆ. ಅದೂ ಒಂದು ಚಿತ್ರವೇ. ತೊಳೆದಂಥ ಆಕಾಶ ಬೇಕೆನ್ನುವವರು ಅಕ್ಟೋಬರಿನಿಂದ ಜನವರಿಯೊಳಗೆ ಬರಬೇಕು. ಅದೃಷ್ಟವಿದ್ದರೆ ಕೈರಂಪಣಿ ಬಲೆ ಎಳೆಯುವವರು ಸಿಕ್ಕಾರು. ದಡದಲ್ಲಿ ಸಾಲಾಗಿ ನಿಂತು, ಮೈಯನ್ನೇ ಹಿಂದಕ್ಕೆ ಕೊಟ್ಟು ಹಗ್ಗ ಎಳೆಯುವಾಗ ಒಬ್ಬೊಬ್ಬರ ಹಿಮ್ಮಡಿಯೂ ಮರಳಲ್ಲಿ ಹೂತಿರುತ್ತದೆ. ಅದು ಅವರ ದುಡಿಮೆ. ಒಂದು ಮಾತು ಕೇಳಿಯೇ ಫೋಟೊ ತೆಗೆಯಬೇಕು, ಹಗ್ಗದ ದಾರಿಗೆ ಟ್ರೈಪಾಡ್ ಇಡಬಾರದು.

ಇನ್ನು ಉಪ್ಪು. ಗಾಳಿಯಲ್ಲೇ ತೇಲಿ ಬಂದು ಲೆನ್ಸಿನ ಮೇಲೆ ಕೂರುವ ಅದನ್ನು ಒಣಬಟ್ಟೆಯಿಂದ ತಿಕ್ಕಿದರೆ ಗೀರು ಬೀಳುವ ಸಂಭವವುಂಟು. ಮೊದಲು ಊದಿ, ತುಸು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ದಡದಲ್ಲಿ ಲೆನ್ಸ್ ಬದಲಿಸಲೇಬಾರದು. ರೂಮಿಗೆ ಬಂದವರು ಬಂಗುಡೆ ಫ್ರೈಗೆ ಆರ್ಡರ್ ಕೊಟ್ಟು, ಅದು ಬರುವುದರೊಳಗೆ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಬಿಚ್ಚಿ ಸಿಹಿನೀರಿನಲ್ಲಿ ತೊಳೆದಿಟ್ಟರೆ ಒಳ್ಳೆಯದು. ಊಟ ಮುಗಿದ ಮೇಲೆ ಆ ಕೆಲಸ ಯಾರೂ ಮಾಡುವುದಿಲ್ಲ.