ಸುಡುಮಣ್ಣಿನ ದೇವಶಿಲ್ಪ ಮತ್ತು ರಾಮನಗರ ಸೀಮೆಯ ಗಾರೆ ಪ್ರತಿಮೆಗಳು

ಜೇಡಿಮಣ್ಣಿನಿಂದ ರೂಪಿಸಿ, ಒಣಗಿಸಿ, ಆವಿಗೆಯಲ್ಲಿ ಸುಟ್ಟು ಗಟ್ಟಿಗೊಳಿಸಿದ ದೇವತಾಮೂರ್ತಿಗಳನ್ನು ಸುಡುಮಣ್ಣಿನ ದೇವಶಿಲ್ಪ ಎನ್ನುತ್ತಾರೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶವು ಸುಟ್ಟಾಗ ಇವುಗಳಿಗೆ ಕೆಂಪು ಬಣ್ಣ ಕೊಡುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಪ್ರದೇಶದ ದೇವಾಲಯಗಳಲ್ಲಿ ಇದಕ್ಕೆ ಅತ್ಯಂತ ಸಮೀಪದ್ದು ಗೋಪುರಗಳ ಮೇಲಿರುವ ಇಟ್ಟಿಗೆ–ಗಾರೆಯ ಶಿಲ್ಪ. ಇವೆರಡನ್ನೂ ಒಂದೇ ಎಂದು ಭಾವಿಸುವುದುಂಟು, ಅದು ಸರಿಯಲ್ಲ.

ಹಿನ್ನೆಲೆ

ಕಟ್ಟಡಕ್ಕೆ ಒದಗುವ ಕಲ್ಲು ವಿರಳವಾದ ಗಂಗಾ ಬಯಲಿನಲ್ಲಿ ಸುಡುಮಣ್ಣಿನ ಶಿಲ್ಪ ಬಹಳ ಬೆಳೆಯಿತು. ಉತ್ತರ ಪ್ರದೇಶದ ಭೀತರಗಾಂವ್‌ನಲ್ಲಿ ಗುಪ್ತರ ಕಾಲದ ಇಟ್ಟಿಗೆ ದೇವಾಲಯದ ಗೋಡೆಗಳಿಗೆ ಇಂತಹ ಫಲಕಗಳನ್ನು ಜೋಡಿಸಲಾಗಿದೆ. ಅಹಿಚ್ಛತ್ರದ ಶಿವಾಲಯದಲ್ಲಿ ದೊರೆತ, ಹೆಚ್ಚುಕಡಿಮೆ ಆಳೆತ್ತರದ ಗಂಗೆ ಮತ್ತು ಯಮುನೆಯರ ಮೂರ್ತಿಗಳು ಈಗ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಗಂಗೆ ಮಕರದ ಮೇಲೆ, ಯಮುನೆ ಆಮೆಯ ಮೇಲೆ ನಿಂತಿದ್ದಾರೆ. ಬಂಗಾಳದ ಬಿಷ್ಣುಪುರದಲ್ಲಿ 1643ರಲ್ಲಿ ಕಟ್ಟಿದ ಶ್ಯಾಮರಾಯ ದೇವಾಲಯದ ಗೋಡೆಗಳ ತುಂಬ ಕೃಷ್ಣಲೀಲೆಯ ಫಲಕಗಳಿವೆ.

ರಾಮನಗರದ ಸ್ಥಿತಿ ಇದಕ್ಕೆ ತದ್ವಿರುದ್ಧ. ಇಲ್ಲಿನ ಬೆಟ್ಟಗಳ ಬಂಡೆಗೆ ಊರಿನ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ 'ಕ್ಲೋಸ್‌ಪೇಟೆ ಗ್ರಾನೈಟ್' ಎಂಬ ಹೆಸರು ಬಂದಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಕಲ್ಲು ಕಾಲಬುಡದಲ್ಲೇ ಇರುವಾಗ ಗೋಡೆಗೆ ಮಣ್ಣನ್ನು ಸುಡುವ ಅಗತ್ಯ ಬೀಳಲಿಲ್ಲ. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನ ಅಪ್ರಮೇಯಸ್ವಾಮಿಯೂ, ಅದೇ ಆವರಣದ ಅಂಬೆಗಾಲು ಕೃಷ್ಣನೂ ಶಿಲಾಮೂರ್ತಿಗಳೇ. ಆದರೆ ಎತ್ತರದ ಗೋಪುರಕ್ಕೆ ಕಲ್ಲಿನ ಭಾರ ಹೆಚ್ಚಾಗುತ್ತದೆ. ಆದ್ದರಿಂದ ಕೆಳಗಿನ ಅಂತಸ್ತನ್ನು ಕಲ್ಲಿನಲ್ಲಿ ಕಟ್ಟಿ, ಮೇಲಿನ ನೆಲೆಗಳನ್ನು ಇಟ್ಟಿಗೆ ಮತ್ತು ಗಾರೆಯಲ್ಲಿ ಎಬ್ಬಿಸುವ ಪದ್ಧತಿ ವಿಜಯನಗರ ಕಾಲದಲ್ಲಿ ವ್ಯಾಪಕವಾಯಿತು. 1638ರಲ್ಲಿ ಬಿಜಾಪುರದ ಸೇನೆಗೆ ಬೆಂಗಳೂರನ್ನು ಬಿಟ್ಟುಕೊಟ್ಟು ಮಾಗಡಿಗೆ ಬಂದ ಕೆಂಪೇಗೌಡರ ವಂಶಸ್ಥರು ಇದೇ ಪದ್ಧತಿಯನ್ನು ಮುಂದುವರಿಸಿದರು. ಮಾಗಡಿಯ ಸೋಮೇಶ್ವರ ದೇವಾಲಯ ಅವರ ಕಾಲದ್ದು.

ರಚನಾ ವಿಧಾನ

ಸುಡುಮಣ್ಣಿನ ದೊಡ್ಡ ಮೂರ್ತಿಯ ಒಳಭಾಗವನ್ನು ಟೊಳ್ಳಾಗಿ ಬಿಡುತ್ತಾರೆ. ಇಲ್ಲವಾದರೆ ಒಳಗೆ ಉಳಿದ ತೇವ ಆವಿಗೆಯಲ್ಲಿ ಉಬ್ಬಿ ಮೂರ್ತಿ ಸಿಡಿಯುತ್ತದೆ. ಗಾರೆ ಶಿಲ್ಪವನ್ನು ಸುಡುವುದಿಲ್ಲ. ಮುರಿದ ಇಟ್ಟಿಗೆಯಿಂದ ದೇಹದ ಒರಟು ಆಕಾರ ಕಟ್ಟಿ, ಅದರ ಮೇಲೆ ಸುಣ್ಣ ಮತ್ತು ಮರಳಿನ ಗಾರೆಯನ್ನು ಪದರ ಪದರವಾಗಿ ಹಚ್ಚಿ, ಹಸಿ ಇರುವಾಗಲೇ ಮುಖ, ಆಭರಣ, ಬೆರಳುಗಳನ್ನು ತಿದ್ದುತ್ತಾರೆ. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುವುದು ಹಳೆಯ ರೂಢಿ. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಕಲ್ಲಾಗುತ್ತದೆ. ಭಾಗವತ ಪುರಾಣವು ಹೇಳುವ ಎಂಟು ಬಗೆಯ ಪ್ರತಿಮೆಗಳಲ್ಲಿ ಮಣ್ಣು ಮೊದಲಾದವುಗಳ ಲೇಪನದಿಂದಾದ 'ಲೇಪ್ಯ'ವೂ ಒಂದು. ಗಾರೆಯ ಮೂರ್ತಿಗಳು ಈ ಬಗೆಗೆ ಹತ್ತಿರದವು.

ದೇವತೆಗಳ ಗುರುತು ಮತ್ತು ಸಂರಕ್ಷಣೆ

ಗೋಪುರದ ಮೂರ್ತಿಗಳನ್ನು ಕೈಯಲ್ಲಿನ ಆಯುಧ ಮತ್ತು ವಾಹನಗಳಿಂದ ಗುರುತಿಸಬೇಕು: ಶಂಖಚಕ್ರಗಳಿದ್ದರೆ ವಿಷ್ಣು, ಜಿಂಕೆ ಮತ್ತು ಕೊಡಲಿ ಇದ್ದರೆ ಶಿವ, ನವಿಲಿದ್ದರೆ ಸುಬ್ರಹ್ಮಣ್ಯ. ತೊಂದರೆಯೆಂದರೆ, ಗಾರೆಯಲ್ಲಿ ಮೊದಲು ಮುರಿದು ಬೀಳುವುದು ಚಾಚಿದ ಕೈಗಳೇ. ಅವುಗಳೊಂದಿಗೆ ಗುರುತೂ ಹೋಗುತ್ತದೆ. ದುರಸ್ತಿ ಮಾಡುವವರು ಊಹೆಯಿಂದ ಹೊಸ ಆಯುಧ ಕೊಟ್ಟರೆ ದೇವತೆಯೇ ಬದಲಾಗಬಹುದು.

ಬಿರುಕಿನಲ್ಲಿ ಬೇರೂರುವ ಅರಳಿ ಸಸಿ ಇನ್ನೊಂದು ಶತ್ರು. ಇದಕ್ಕಿಂತಲೂ ಹೆಚ್ಚಿನ ಹಾನಿ ಭಕ್ತಿಯಿಂದ ಬಳಿಯುವ ಎನಾಮಲ್ ಬಣ್ಣ ಮತ್ತು ಸಿಮೆಂಟಿನಿಂದ ಆಗುತ್ತದೆ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ, ಇವು ಬಿಡುವುದಿಲ್ಲ. ಒಳಗೆ ಸಿಲುಕಿದ ನೀರು ಇಟ್ಟಿಗೆಯನ್ನು ಪುಡಿಮಾಡಿ, ಹೊರಗಿನ ಮುಖ ಹೊಳೆಯುತ್ತಿರುವಾಗಲೇ ಮೂರ್ತಿಯನ್ನು ಕಳಚುತ್ತದೆ. ಆದ್ದರಿಂದ ದುರಸ್ತಿಗೆ ಮೊದಲು ಪ್ರತಿಯೊಂದು ಮೂರ್ತಿಯ ಛಾಯಾಚಿತ್ರ ತೆಗೆದು, ಹಳೆಯ ಬಗೆಯ ಸುಣ್ಣದ ಗಾರೆಯನ್ನೇ ಬಳಸುವುದು ಸೂಕ್ತ.