ತಲೆಯ ಮೇಲಿಂದ ಉದುರುವ ದೂಳು

ಹೊಂಬಳದಂಥ ಊರುಗಳ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಮಾಳಿಗೆ ರಿಪೇರಿಗೆ ಕೈಹಾಕುವ ಮುನ್ನ ನೀರಿನ ಕೊಡ ಮುಚ್ಚಬೇಕು, ಹಾಸಿಗೆ ಸುತ್ತಿಡಬೇಕು, ಬಾಣಂತಿ ಮತ್ತು ಕೂಸನ್ನು ಬೇರೆಡೆಗೆ ಕಳಿಸಬೇಕು. ಜಂತಿಯ ಸಂದಿಯಿಂದ ಉದುರುವ ಮಣ್ಣು ಕೂಸಿನ ಮೂಗಿಗೆ ಹೋಗಬಾರದು.

ಅದೇ ನೀವು ಗದಗ ಅಥವಾ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕುಳಿತಿದ್ದೀರಿ ಎನ್ನಿ. ಒಬ್ಬ ಏಣಿ ತಂದು, ಮಂಚದ ಮೇಲಿನ ಫಾಲ್ಸ್ ಸೀಲಿಂಗಿನ ಹಲಗೆ ಎತ್ತಿ ವಯರ್ ಎಳೆಯತೊಡಗುತ್ತಾನೆ. ಆಗ ಸುಮ್ಮನಿರುತ್ತೀರಲ್ಲವೇ?

ಆ ಹಲಗೆಯ ಮೇಲೆ ವರ್ಷಗಟ್ಟಲೆ ಕೂತ ದೂಳಿರುತ್ತದೆ. ಏರ್ ಕಂಡೀಷನರ್ ಪೈಪು ಸೋರಿ ಹಲಗೆ ತೇವಗೊಂಡಿದ್ದರೆ ಬೂಸ್ಟೂ ಬೆಳೆದಿರುತ್ತದೆ. ಇವುಗಳಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಬೀಜಕಣಗಳಿರಬಹುದು. ಅವುಗಳ ಅಗಲ ಕೇವಲ 2ರಿಂದ 3 ಮೈಕ್ರಾನ್. ಕಣ್ಣಿಗೆ ಕಾಣದೆ ಗಾಳಿಯಲ್ಲಿ ಬಹಳ ಹೊತ್ತು ತೇಲಿ, ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಆರೋಗ್ಯವಂತರ ದೇಹ ಅವನ್ನು ಅಲ್ಲೇ ನಾಶಮಾಡುತ್ತದೆ. ಆದರೆ ರಕ್ತದ ಕ್ಯಾನ್ಸರಿಗೆ ಔಷಧಿ ಪಡೆಯುತ್ತಿರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ಬಹುಕಾಲ ಸ್ಟೆರಾಯ್ಡ್ ತೆಗೆದುಕೊಂಡವರು, ದಿನ ತುಂಬದೆ ಹುಟ್ಟಿದ ಕೂಸುಗಳು ಈ ಸೋಂಕಿಗೆ ಬಲಿಯಾಗಬಹುದು. 2021ರಲ್ಲಿ ಕೊರೊನಾ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರ ನೆನಪಿರಬೇಕು. ಅದು ಬೇರೆ ಜಾತಿಯದು. ಆದರೆ ಅದು ಕೂಡ ಹಿಡಿದದ್ದು ಹೆಚ್ಚಾಗಿ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರನ್ನು, ಸ್ಟೆರಾಯ್ಡ್ ಪಡೆದವರನ್ನು.

ಹಾಗೆಂದು ರಿಪೇರಿ ನಿಲ್ಲಿಸಲಾಗದು. ಆಮ್ಲಜನಕದ ಪೈಪು, ವಿದ್ಯುತ್ ತಂತಿ ಎಲ್ಲವೂ ಅಲ್ಲೇ ಇವೆ. ಸರಿಯಾದ ಕ್ರಮವೆಂದರೆ, ಮೊದಲು ಸೋಂಕು ನಿಯಂತ್ರಣ ನೋಡಿಕೊಳ್ಳುವವರ ಒಪ್ಪಿಗೆ ಪಡೆದು ರೋಗಿಗಳನ್ನು ಬೇರೆ ಕೋಣೆಗೆ ಸಾಗಿಸುವುದು. ಏಣಿಯ ಸುತ್ತ ನೆಲದಿಂದ ಸೂರಿನವರೆಗೆ ಪ್ಲಾಸ್ಟಿಕ್ ಪರದೆ ಕಟ್ಟಿ, ಒಳಗಿನ ಗಾಳಿಯನ್ನು ಹೆಪಾ ಫಿಲ್ಟರಿನ ಯಂತ್ರದಿಂದ ಎಳೆಯುವುದು. ಕೆಲಸ ಮುಗಿದೊಡನೆ ಹಲಗೆ ಮುಚ್ಚಿ ಒದ್ದೆ ಬಟ್ಟೆಯಿಂದ ಒರೆಸುವುದು. ಒಣ ಕಸಬರಿಗೆ ಮಾತ್ರ ಬೇಡವೇ ಬೇಡ!

ಮೇಲೆ ತಂತಿ ಹಾಯಿಸಲು ಗೋಡೆಗೆ ಕೊರೆದ ತೂತನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಲೇಬೇಕು. 2011ರ ಡಿಸೆಂಬರಿನಲ್ಲಿ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹತ್ತಿತು. ಸುಮಾರು 90 ಜನ ಸತ್ತರು. ಬಹುತೇಕರನ್ನು ಕೊಂದದ್ದು ಉರಿಯಲ್ಲ, ಮೇಲಿನ ಮಹಡಿಗಳಿಗೆ ಏರಿದ ಹೊಗೆ.

ನೀವು ಮಾಡಬೇಕಾದದ್ದು ಇಷ್ಟೆ. ಏಣಿ ಕಂಡೊಡನೆ ಸಿಸ್ಟರನ್ನು ಕರೆದು, 'ಕೆಲಸ ಮುಗಿಯುವವರೆಗೆ ನಮ್ಮ ರೋಗಿಯನ್ನು ಬೇರೆ ಕಡೆ ಮಲಗಿಸುತ್ತೀರಾ?' ಎಂದು ಕೇಳಿ. ಸಂಕೋಚ ಬೇಡ. ಸೀರೆಯ ಸೆರಗಾಗಲಿ ಕರವಸ್ತ್ರವಾಗಲಿ ಈ ಕಣಗಳನ್ನು ತಡೆಯುವುದಿಲ್ಲ. ಎನ್-95 ಮಾಸ್ಕ್ ತಡೆಯುತ್ತದೆ. ಅದನ್ನು ಹಾಕಬಹುದೇ ಎಂದು ವೈದ್ಯರನ್ನು ಕೇಳಿ. ದೂಳು ಬಿದ್ದ ಹೊದಿಕೆಯನ್ನು ಕೊಡವಬೇಡಿ, ಮಡಚಿ ಕೊಟ್ಟುಬಿಡಿ. ಸೀಲಿಂಗಿನಲ್ಲಿ ಕಂದು ಬಣ್ಣದ ತೇವದ ಕಲೆ ಕಂಡರೂ ತಿಳಿಸಿ.

ಇಂಥ ಕೆಲಸ ನಡೆದ ದಿನಗಳಲ್ಲೋ ಮುಂದಿನ ವಾರಗಳಲ್ಲೋ ಆ್ಯಂಟಿಬಯಾಟಿಕ್‌ಗೆ ಬಗ್ಗದ ಜ್ವರ, ಎದೆನೋವು, ಕೆಮ್ಮಿನಲ್ಲಿ ರಕ್ತ ಕಂಡರೆ ವೈದ್ಯರಿಗೆ ತಕ್ಷಣ ಹೇಳಿ. ವಾರ್ಡಿನಲ್ಲಿ ಸೀಲಿಂಗ್ ತೆಗೆದಿದ್ದರು ಎಂಬುದನ್ನೂ ಸೇರಿಸಿ. ಆ ಹೊತ್ತಿನಲ್ಲಿ ಅವರು ಅಲ್ಲಿರಲಿಲ್ಲ, ನೀವಿದ್ದಿರಿ.