ಮಗುವಿನ ಮಲಗುವ ಕೋಣೆಯೂ ಗಿಲಾವಿಲ್ಲದ ಗೋಡೆಯೂ

ಉಮರ್ಗಾ, ನಿಲಂಗಾ, ಉದಗೀರದ ಕಡೆ ಹೊಸ ಮನೆ ಕಟ್ಟಿಸುವ ಪಾಲಕರಲ್ಲಿ ಅನೇಕರು ಈಗ ಮಕ್ಕಳಿಗೆಂದೇ ಪ್ರತ್ಯೇಕ ಕೋಣೆಯನ್ನು ಮಾಡಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಕೋಣೆಯ ವಿಚಾರ ಬಂದೊಡನೆ ಬಣ್ಣ, ಹೊಳಪಿನ ಹಲಗೆ, ತೂಗುವ ಚಾವಣಿಗಳ ಮಾತೇ ಮೊದಲಾಗುತ್ತದೆ. ಇದಕ್ಕೆ ತೀರ ವಿರುದ್ಧವಾದ ಒಂದು ಪದ್ಧತಿಯೂ ಲೋಕದಲ್ಲುಂಟು. ಗೋಡೆ, ತೊಲೆ, ಚಾವಣಿಗಳನ್ನು ಯಾವ ಸಾಮಗ್ರಿಯಿಂದ ಕಟ್ಟಿದೆಯೋ ಅದನ್ನೇ ಗಿಲಾವಿಲ್ಲದೆ ಕಣ್ಣಿಗೆ ಕಾಣುವಂತೆ ಬಿಡುವ ಈ ಪದ್ಧತಿಗೆ ಬ್ರೂಟಲಿಸಂ ಎಂದು ಹೆಸರು. ಹೆಸರು ಕೇಳಿ ಯಾರೂ ಬೆದರಬೇಕಾಗಿಲ್ಲ. ಇದರಲ್ಲಿ ಕ್ರೌರ್ಯವೇನೂ ಇಲ್ಲ. ಫ್ರೆಂಚ್ ಭಾಷೆಯಲ್ಲಿ 'ಬೆತೊಂ ಬ್ರ್ಯೂತ್' ಎಂದರೆ ಮೇಲುಹೊದಿಕೆಯಿಲ್ಲದ ಕಚ್ಚಾ ಕಾಂಕ್ರೀಟು.

ಲ ಕಾರ್ಬೂಸಿಯೆ ಎಂಬ ವಾಸ್ತುಶಿಲ್ಪಿ 1952ರಲ್ಲಿ ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿ ಇಂಥ ಕಾಂಕ್ರೀಟಿನ ದೊಡ್ಡ ವಸತಿಗೃಹವನ್ನು ಕಟ್ಟಿ ಮುಗಿಸಿದನು. ನಮ್ಮ ಚಂಡೀಗಡದ ಮುಖ್ಯ ಭವನಗಳೂ ಅವನವೇ. ಅವನ ಬಳಿ ಕೆಲಸ ಮಾಡಿದ ಬಾಲಕೃಷ್ಣ ದೋಶಿಯವರು ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯನ್ನು ಒರಟು ಕಲ್ಲು ಮತ್ತು ಕಾಂಕ್ರೀಟಿನಲ್ಲಿ ರಚಿಸಿದರು.

ದೂರದ ಈ ಮಾತು ನಮಗೇಕೆ ಎಂದು ಕೇಳಬಹುದು. ಕಲ್ಲಿನ ಗೋಡೆಯ ಒಳಗೇನಿದೆ ಎಂದು ಕಾಣದೆ ಹೋದುದರ ಬೆಲೆಯನ್ನು ತೆತ್ತವರು ನಾವು. 1993ರ ಸೆಪ್ಟೆಂಬರ 30ರ ನಸುಕಿನಲ್ಲಿ, ಗಣಪತಿಯ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ನಾಲ್ಕು ಗಂಟೆಗೆ ಕೆಲವೇ ನಿಮಿಷ ಮೊದಲು ಭೂಮಿ ನಡುಗಿತು. ಕಿಲ್ಲಾರಿ ಹಾಗೂ ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ ಮೊದಲಾದ ಊರುಗಳು ನೆಲಸಮವಾದವು. ಎಂಟರಿಂದ ಹತ್ತು ಸಾವಿರ ಜನ ಮಡಿದರೆಂದು ಲೆಕ್ಕ. ನಡುಕಕ್ಕಿಂತ ಹೆಚ್ಚಾಗಿ ಅವರನ್ನು ಕೊಂದುದು ಮಲಗಿದ್ದ ಮನೆಯೇ. ಎರಡು ಮೂರು ಅಡಿ ದಪ್ಪದ ಗೋಡೆ ನೋಡುವವರಿಗೆ ಕೋಟೆಯಂತೆ ಕಾಣುತ್ತಿತ್ತು. ಒಳಗೆ ಅದು ಎರಡು ಬಿಡಿ ಗೋಡೆಗಳು, ನಡುವೆ ಮಣ್ಣು ಮತ್ತು ಚೂರುಗಲ್ಲು. ಒಂದು ಮುಖದಿಂದ ಇನ್ನೊಂದು ಮುಖದವರೆಗೆ ಹಾಯುವ ಉದ್ದಗಲ್ಲುಗಳು ಇರಲಿಲ್ಲ. ನಡುಗಿದಾಗ ಎರಡೂ ಬೇರ್ಪಟ್ಟು ಕುಸಿದವು. ಕಟ್ಟಿಗೆಯ ಕಂಬ ತೊಲೆಗಳು ಗಟ್ಟಿಯಾಗಿ ಕೂಡಿದ್ದ ಕೆಲವು ಮನೆಗಳಲ್ಲಿ ಮಾತ್ರ ಚಾವಣಿ ನಿಂತು ಜನ ಉಳಿದರು.

ಮೇಲಿನ ಭಾರವನ್ನು ವಿದ್ಯಾರ್ಥಿಗಳೇ ಲೆಕ್ಕ ಮಾಡಿ ನೋಡಲಿ. ಹಳೆಯ ಮಾಳಿಗೆಯ ಮೇಲೆ ಅರ್ಧ ಮೀಟರು ಮಣ್ಣು ಇರುವುದು ಅಪರೂಪವಲ್ಲ. ಒಂದು ಘನ ಮೀಟರು ಮಣ್ಣಿನ ತೂಕ ಸುಮಾರು 1,600 ಕಿಲೋ. ಮೂರು ಮೀಟರು ಉದ್ದಗಲದ ಕೋಣೆಗೆ 7,200 ಕಿಲೋ ಆಯಿತು. ಅದೇ ಕೋಣೆಗೆ 12 ಸೆಂಟಿಮೀಟರು ದಪ್ಪದ ಕಾಂಕ್ರೀಟು ಹಾಕಿದರೆ, ಘನ ಮೀಟರಿಗೆ 2,400 ಕಿಲೋದಂತೆ, ಸುಮಾರು 2,600 ಕಿಲೋ.

ಹಾಗೆಂದು ಕಾಂಕ್ರೀಟು ತಾನಾಗಿ ರಕ್ಷಕವಲ್ಲ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನ ಕಾಂಕ್ರೀಟಿನ ಮಹಡಿಗಳೂ ಬಿದ್ದವು. ಗಿಲಾವಿಲ್ಲದ ಕೆಲಸದ ಗುಣವನ್ನು ನಾವು ಇಲ್ಲಿಯೇ ಕಾಣುತ್ತೇವೆ. ಕಾಂಕ್ರೀಟು ಸರಿಯಾಗಿ ಕೂಡದೆ ಜೇನುಗೂಡಿನಂತೆ ತೂತು ಬಿದ್ದಿದ್ದರೆ, ಸಳಿಗಳು ಹೊರಗೆ ಇಣುಕುತ್ತಿದ್ದರೆ, ಅದು ಮುಚ್ಚಿಹೋಗುವುದಿಲ್ಲ. ತೇವ ತಗಲಿದ ಸಳಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಬೋಳು ಚಾವಣಿಯಲ್ಲಿ ಆ ಬಿರುಕು ಮೊದಲೇ ಕಣ್ಣಿಗೆ ಬೀಳುತ್ತದೆ. ಕಲ್ಲಿನ ಗೋಡೆಯಾದರೆ ನಮ್ಮ ಕರಿಗಲ್ಲನ್ನೇ ಸಿಮೆಂಟಿನಲ್ಲಿ ಕಟ್ಟಿಸಿ, ಉದ್ದಗಲ್ಲುಗಳನ್ನು ಇಡಿಸಿ, ಬಾಗಿಲ ಮೇಲೂ ಚಾವಣಿಯ ಕೆಳಗೂ ಸುತ್ತ ಸಳಿ ಕಾಂಕ್ರೀಟಿನ ಪಟ್ಟಿ ಹಾಯಿಸಬೇಕು. ಆ ಪಟ್ಟಿಯನ್ನು ಬಣ್ಣದಿಂದ ಮರೆಸದಿರುವುದೇ ಲೇಸು. ಕೋಣೆಯ ಅಲಂಕಾರವೆಂದರೆ ಅದೇ ಎಂದು ನಮ್ಮ ಮತ. ಹಸಿ ಕಾಂಕ್ರೀಟಿಗೆ ಕನಿಷ್ಠ ಏಳು ದಿನ, ನಮ್ಮಂಥ ಬಿಸಿಲು ನಾಡಿನಲ್ಲಿ ಹತ್ತು ದಿನ, ನೀರುಣಿಸತಕ್ಕದ್ದು. ಇದರಲ್ಲಿ ಮಾತ್ರ ಜಿಪುಣತನ ಸಲ್ಲದು.

ದೋಷಗಳೂ ಇವೆ. ಮಣ್ಣಿನ ಮಾಳಿಗೆಯ ತಂಪು ಕಾಂಕ್ರೀಟಿಗೆ ಇಲ್ಲ. ಹಗಲುಂಡ ಬಿಸಿಲನ್ನು ರಾತ್ರಿ ಮಗುವಿನ ಮೇಲೆ ಸುರಿಸುತ್ತದೆ. ಆದುದರಿಂದ ಚಾವಣಿಯ ಮೇಲ್ಭಾಗಕ್ಕೆ ಪ್ರತಿ ಬೇಸಗೆಗೆ ಮುನ್ನ ಸುಣ್ಣ ಬಳಿಸಿ, ಎದುರುಬದುರು ಕಿಟಕಿಗಳನ್ನು ಇಡಿಸಬೇಕು. ಒರಟು ಮೂಲೆ ಮೈ ಕೆರೆಯುತ್ತದೆ. ಮಗುವಿನ ಎತ್ತರದವರೆಗಾದರೂ ಅಂಚುಗಳನ್ನು ದುಂಡಗೆ ಮಾಡಿಸಬೇಕು. ಬೋಳು ಕೋಣೆಯಲ್ಲಿ ಮಾತು ಮಾರ್ದನಿಗೊಳ್ಳುವುದಕ್ಕೆ ಜಮಖಾನೆಯೂ ಅಜ್ಜಿ ಹೊಲಿದ ಕೌದಿಯೂ ಸಾಕು. ಬೂದು ಗೋಡೆಯ ಮುಂದೆ ಕೌದಿಯ ಕೆಂಪು ಹಸಿರುಗಳು ಎಷ್ಟು ಚೆಂದ ಕಾಣುವವೆಂಬುದನ್ನು ನೋಡಿಯೇ ತಿಳಿಯಬೇಕು. ನೆಲಕ್ಕೆ ಶಹಾಬಾದದ ಫರಸಿ ಇರಲಿ. ಕಪಾಟನ್ನು ಗೋಡೆಗೆ ಬೋಲ್ಟಿನಿಂದ ಬಿಗಿಸಿ, ಹಾಸಿಗೆಯ ತಲೆಯ ಮೇಲೆ ಭಾರದ ಫಳಿ, ಚಿತ್ರಪಟ ಏನನ್ನೂ ತೂಗಹಾಕಬಾರದು.

ಮಾರ್ಸೇಲಿನ ಆ ವಸತಿಗೃಹದಲ್ಲಿ ಮಕ್ಕಳ ಕೋಣೆಗಳು ಸುಮಾರು ಆರೇ ಅಡಿ ಅಗಲ. ಎರಡು ಕೋಣೆಗಳ ನಡುವೆ ಸರಿಯುವ ಒಂದು ತಡಿಕೆಯುಂಟು. ಅದನ್ನು ಸರಿಸಿದರೆ ಎರಡೂ ಕೂಡಿ ಆಡುವ ಜಾಗ, ಮುಚ್ಚಿದರೆ ಬರೆಯುವ ಕಪ್ಪು ಹಲಗೆ. ಶಿಕ್ಷಕರಾದ ನಮಗೆ ಆ ಕಟ್ಟಡದಲ್ಲಿ ಎಲ್ಲಕ್ಕಿಂತ ಮೆಚ್ಚಿಗೆಯಾದುದು ಇದು. ಅಣ್ಣ ತಂಗಿಯರಿಗೆ ಎರಡು ದೊಡ್ಡ ಕೋಣೆ ಕಟ್ಟಿಸಲಾಗದ ಮನೆಯಲ್ಲಿ ಒಂದೇ ಕೋಣೆಯ ನಡುವೆ ಊರಿನ ಬಡಿಗರೇ ಇಂಥ ತಡಿಕೆಯನ್ನು ಮಾಡಿಕೊಡಬಲ್ಲರು. ಚಿಕ್ಕವರ ಕೈಗೂ ಎಟಕುವಂತೆ ಹಲಗೆಯ ಕಪ್ಪು ಬಣ್ಣ ನೆಲದಿಂದ ಎರಡಡಿ ಎತ್ತರದಿಂದಲೇ ಆರಂಭವಾಗಲಿ. ಹಾಸಿಗೆ ಮಾತ್ರ ಅದರಿಂದ ತುಸು ದೂರವಿರಲಿ, ಸೀಮೆಸುಣ್ಣದ ಪುಡಿ ದಿಂಬಿನ ಮೇಲೆ ಬೀಳುತ್ತದೆ.